ತತ್ವಶಾಸ್ತ್ರ ಯಾರಪ್ಪನ ಆಸ್ತಿ?

ಮಣ್ಣೂರಿನ ನಮ್ಮ ಕೇರಿಯಲ್ಲಿ ಒಬ್ಬ ಹುಡುಗಿ ಪಿಯುಸಿ ಪಾಸಾದಳು. ಪಾಸಾದದ್ದು ಈಗ ದೊಡ್ಡ ಸುದ್ದಿಯಲ್ಲ. ಆಮೇಲೆ ಆಕೆ ಆಡಿದ ಮಾತು ದೊಡ್ಡದಾಯಿತು. ‘ಧಾರವಾಡಕ್ಕ ಹೋಗಿ ಬಿ.ಎ.ದಾಗ ತತ್ವಶಾಸ್ತ್ರ ತಗೋತೀನಿ’ ಅಂದಳು. ಅವಳಪ್ಪ ಮಂದಿ ಹೊಲದಲ್ಲಿ ತೊಗರಿ ಕೊಯ್ಯುವವನು. ರಾಶಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಪುಣೆಗೆ ಹೋಗಿ ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊರುವವರು. ಆ ರಾತ್ರಿ ಕೇರಿಯ ಕಟ್ಟೆಯ ಮೇಲೆ ಜನ ಸೇರಿದರು. ಕಲಿತವರು ಅಂತ ನಮ್ಮನ್ನೂ ಕರೆದರು. ನಾವೆಂದರೆ ಈ ಕೇರಿಯಿಂದ ಡಿಗ್ರಿ ಮುಗಿಸಿದ ಮೊದಲ ನಾಲ್ಕು ಮಂದಿ.

‘ನೀವು ಕಲ್ತವರು ಹೇಳ್ರಪಾ’ ಅಂದ ಹುಡುಗಿಯ ಅಪ್ಪ. ‘ನರ್ಸಿಂಗ್ ಓದಿದ್ರ ಸೂಜಿ ಮಾಡ್ತಾಳ. ಡಿ.ಎಡ್. ಮಾಡಿದ್ರ ಸಾಲ್ಯಾಗ ಟೀಚರ್ ಆಗ್ತಾಳ. ಈ ತತ್ವಶಾಸ್ತ್ರ ಓದಿದ್ರ ಏನ್ ಮಾಡ್ತಾಳ?’

ನಾವು ಮುಖ ಮುಖ ನೋಡಿಕೊಂಡೆವು. ನಾಲಿಗೆ ಏಳಲಿಲ್ಲ. ಯಾಕಂದ್ರ ಇದೇ ಪ್ರಶ್ನೆಯನ್ನು ಕೆಲವು ವರ್ಷದ ಹಿಂದೆ ಒಂದು ಕಾಲೇಜಿನ ಅರ್ಜಿ ಕಿಟಕಿಯಲ್ಲಿ ನಮಗೂ ಕೇಳಿದ್ದರು. ‘ನಿಮ್ಮವರಿಗೆ ಅದೆಲ್ಲ ಯಾಕ ಬೇಕು? ಲಗೂನ ನೌಕರಿ ಸಿಗೋದು ತಗೋರಿ’ ಅಂದಿದ್ದರು. ನಾವು ತಲೆ ತಗ್ಗಿಸಿ ಬೇರೆ ವಿಷಯ ಬರೆದು ಕೊಟ್ಟು ಬಂದಿದ್ದೆವು.

ಎರಡೂ ಕಡೆ ಮಾತು ಒಂದೇ. ಖರೆ ನೋಡಿದರೆ ಪ್ರಶ್ನೆ ಒಂದೇ ಅಲ್ಲ. ಅಪ್ಪನ ಪ್ರಶ್ನೆ ಹೊಟ್ಟೆಯಿಂದ ಬಂದದ್ದು. ಕಿಟಕಿಯ ಪ್ರಶ್ನೆ ಎಲ್ಲಿಂದ ಬಂತು? ಅದರ ವಯಸ್ಸೆಷ್ಟು? ಇದನ್ನು ಹುಡುಕುವುದಕ್ಕೆ ದೂರ ಹೋಗಬೇಕಾಗಿಲ್ಲ. ಮೊದಲಿಗೆ ಕಲಬುರಗಿ ಜಿಲ್ಲೆಯ ಗಡಿಯನ್ನೂ ದಾಟಬೇಕಾಗಿಲ್ಲ.

*

ಚಿತ್ತಾಪುರದ ಹತ್ತಿರ ನಾಗಾವಿ ಅಂತ ಒಂದು ಊರು. ಅಲ್ಲೊಂದು ಘಟಿಕಾಸ್ಥಾನ ಇತ್ತು. ಘಟಿಕಾಸ್ಥಾನ ಅಂದರೆ ಆ ಕಾಲದ ಯೂನಿವರ್ಸಿಟಿ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಅದಕ್ಕೆ ದತ್ತಿ ಬಿಟ್ಟ. 1058ರ ಶಾಸನ ಅದರ ಲೆಕ್ಕ ಕೊಡುತ್ತದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ. ಭಾಟ್ಟ ದರ್ಶನ ಕಲಿಸಲು ಒಬ್ಬ, ಪ್ರಾಭಾಕರ ಕಲಿಸಲು ಇನ್ನೊಬ್ಬ. ಪುಸ್ತಕ ಕಾಯುವುದಕ್ಕೆ ಆರು ಮಂದಿ ಸರಸ್ವತೀ ಭಂಡಾರಿಗರು. ಇಂದಿನ ಎಷ್ಟು ಕಾಲೇಜುಗಳಲ್ಲಿ ಆರು ಮಂದಿ ಲೈಬ್ರರಿಯನ್‌ಗಳಿದ್ದಾರೆ ಹೇಳಿ!

ಭಾಟ್ಟ, ಪ್ರಾಭಾಕರ ಅಂದರೆ ಮೀಮಾಂಸೆಯ ಎರಡು ಬಣಗಳು. ಒಂದು ವಾಕ್ಯಕ್ಕೆ ಅರ್ಥ ಎಲ್ಲಿಂದ ಬರುತ್ತದೆ? ಬಿಡಿ ಬಿಡಿ ಪದಗಳು ಮೊದಲು ತಮ್ಮ ತಮ್ಮ ಅರ್ಥ ಹೇಳಿ ಆಮೇಲೆ ಕೂಡುತ್ತವೋ, ಇಲ್ಲ ಒಂದಕ್ಕೊಂದು ಜೋಡಾದ ಮೇಲೆಯೇ ಅರ್ಥ ಹುಟ್ಟುತ್ತದೋ? ಇಂಥ ಪ್ರಶ್ನೆಗಾಗಿ ಅವರು ನೂರಾರು ವರ್ಷ ವಾದ ಮಾಡಿದರು. ಓದುವವರಿಗೆ ಊಟ, ಕಲಿಸುವವರಿಗೆ ಭೂಮಿ. ತತ್ವ ಓದಿದರೆ ಹೊಟ್ಟೆ ತುಂಬುವುದಿಲ್ಲ ಅನ್ನುವ ಮಾತು ನಾಗಾವಿಯಲ್ಲಿ ಯಾರೂ ಆಡಿರಲಿಕ್ಕಿಲ್ಲ. ಅಲ್ಲಿ ತತ್ವವೇ ಹೊಟ್ಟೆ ತುಂಬಿಸುತ್ತಿತ್ತು. ಆ ಭೂಮಿಯನ್ನು ಉತ್ತವರು ಯಾರು? ಆ ಎತ್ತು ಸತ್ತ ಮೇಲೆ ಎಳೆದು ಹಾಕಿದವರು ಯಾರು? ಅದರ ತೊಗಲಿನಿಂದ ಮಿಣಿ ಹೊಸೆದು ಮತ್ತೆ ಅದೇ ಹೊಲಕ್ಕೆ ಕೊಟ್ಟವರು ಯಾರು? ಅವರ ಲೆಕ್ಕ ಕಲ್ಲಿನ ಮೇಲೆ ಬರುವುದಿಲ್ಲ.

ನಮ್ಮ ಊರಿಗೇ ಬರೋಣ. ಮಣ್ಣೂರಿನ ಭೀಮಾ ದಂಡೆಯಲ್ಲಿ ಮಾಧವತೀರ್ಥರ ಬೃಂದಾವನ ಇದೆ. ಮಧ್ವಾಚಾರ್ಯರ ಶಿಷ್ಯರಲ್ಲಿ ಒಬ್ಬರು, 14ನೆಯ ಶತಮಾನದವರು. ಅವರ ನಂತರ ಪೀಠಕ್ಕೆ ಬಂದ ಅಕ್ಷೋಭ್ಯತೀರ್ಥರ ಬೃಂದಾವನ ಮಳಖೇಡದಲ್ಲಿ, ಕಾಗಿಣಾ ದಂಡೆಯ ಮೇಲೆ. ಅಕ್ಷೋಭ್ಯರ ಶಿಷ್ಯ ಜಯತೀರ್ಥರು ‘ನ್ಯಾಯಸುಧಾ’ ಬರೆದರು. ಅಂದರೆ ದ್ವೈತ ವೇದಾಂತ ಬೆಳೆದ ಕಥೆಯಲ್ಲಿ ನಮ್ಮ ಹೊಳೆ ಇದೆ, ನಮ್ಮ ಊರಿದೆ. ನಾವು ಅದೇ ಹೊಳೆಯಲ್ಲಿ ಎಮ್ಮೆ ಮೈ ತೊಳೆದು ಬೆಳೆದವರು. ಇಲ್ಲಿ ಇರುವವರು ಒಬ್ಬ ದಾರ್ಶನಿಕರು ಅಂತ ನಮಗೆ ಯಾರೂ ಹೇಳಲಿಲ್ಲ. ಸ್ವಾಮಿಗಳು ಅಂದರು. ಕೈ ಮುಗೀರಿ ಅಂದರು. ಏನು ವಾದ ಮಾಡಿದರು ಅಂತ ಹೇಳಲಿಲ್ಲ. ಕೈ ಮುಗಿಯುವುದು ನಮಗೆ, ವಾದ ಅವರಿಗೆ. ಪಾಲು ಹೀಗೆ ಹಂಚಿದ್ದರು.

ಈ ಹಂಚಿಕೆ ಬರೀ ರೂಢಿಯಲ್ಲ. ಅದನ್ನೂ ತತ್ವಶಾಸ್ತ್ರದ ಒಳಗೇ ಬರೆದಿಟ್ಟಿದ್ದಾರೆ. ಬ್ರಹ್ಮಸೂತ್ರದಲ್ಲಿ ಅಪಶೂದ್ರಾಧಿಕರಣ ಅಂತ ಒಂದು ಭಾಗವಿದೆ. ಶೂದ್ರನಿಗೆ ವೇದ ಓದುವ, ಅದರಿಂದ ಬ್ರಹ್ಮವಿದ್ಯೆ ಪಡೆಯುವ ಅಧಿಕಾರ ಇದೆಯೋ ಇಲ್ಲವೋ ಅನ್ನುವುದು ಅಲ್ಲಿನ ಪ್ರಶ್ನೆ. ಜಗತ್ತು ಸತ್ಯವೋ ಮಿಥ್ಯೆಯೋ, ಜೀವ ಬ್ರಹ್ಮ ಎರಡೋ ಒಂದೋ ಅಂತ ಶಂಕರ, ರಾಮಾನುಜ, ಮಧ್ವ ಮೂವರದೂ ಮೂರು ದಾರಿ. ಈ ಒಂದು ಪ್ರಶ್ನೆಗೆ ಬಂದಾಗ ಮೂವರದೂ ಒಂದೇ ಉತ್ತರ: ಇಲ್ಲ. ಶೂದ್ರನಿಗೇ ಇಲ್ಲ ಅಂದ ಮೇಲೆ ಊರ ಹೊರಗಿನ ಹೊಲೆಯ ಮಾದಿಗರ ಹೆಸರು ಎತ್ತುವ ಪ್ರಸಂಗವೇ ಬರಲಿಲ್ಲ.

ಅರ್ಜಿ ಕಿಟಕಿಯ ಪ್ರಶ್ನೆಯ ಊರು ಇದು. ಅದು ನಮ್ಮ ಹೊಟ್ಟೆಯ ಕಾಳಜಿ ಅಲ್ಲ. ಅಧಿಕಾರದ ಪ್ರಶ್ನೆ, ಕಾಳಜಿಯ ಅಂಗಿ ತೊಟ್ಟುಕೊಂಡು ಬಂದದ್ದು.

*

ಇದೇ ಜಿಲ್ಲೆಯಲ್ಲಿ ಶಹಾಬಾದದ ಕಡೆ ಮರತೂರು ಅಂತ ಇನ್ನೊಂದು ಊರು. ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನ ಊರು ಅಂತ ಅದಕ್ಕೆ ಹೆಸರು. ಆತ ಇದ್ದದ್ದು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಆ ಟೀಕೆ ಮುಂದೆ ಬ್ರಿಟಿಷರ ಕೋರ್ಟಿನಲ್ಲಿ ಹಿಂದೂಗಳ ಆಸ್ತಿ ಕಾನೂನಾಯಿತು. ಹುಟ್ಟಿದ ಗಳಿಗೆಯಲ್ಲೇ ಗಂಡುಮಗನಿಗೆ ಅಪ್ಪನ ಪಿತ್ರಾರ್ಜಿತದಲ್ಲಿ ಪಾಲು. ಮಗಳಿಗೆ ಆ ಪಾಲಿಲ್ಲ. ನಮ್ಮ ಜಿಲ್ಲೆಯ ಒಂದು ಊರಿನ ಪಂಡಿತ ಬರೆದ ಸಾಲು ಎಂಟು ನೂರು ವರ್ಷ ದೇಶದ ಬಹುಭಾಗದ ಹೆಣ್ಣುಮಕ್ಕಳನ್ನು ಹೊಲದ ಬದುವಿನ ಆಚೆ ನಿಲ್ಲಿಸಿತು.

ಈಗ ಹೇಳಿ ಗೆಳೆಯರೇ, ಶಾಸ್ತ್ರಕ್ಕೆ ಲೋಕದಲ್ಲಿ ಕೆಲಸವಿಲ್ಲ ಅನ್ನುವುದು ಖರೇನಾ? ಅದು ಭೂಮಿ ಹಂಚಿದೆ. ಯಾರು ಓದಬೇಕು, ಯಾರು ಹೊರಬೇಕು ಅಂತ ಹೇಳಿದೆ. ಮೂಲದಲ್ಲಿ ಕೂತು ಊರನ್ನು ನಡೆಸಿದೆ. ಕೆಲಸಕ್ಕೆ ಬಾರದ ವಸ್ತುವಾಗಿದ್ದರೆ ಅದನ್ನು ನಮ್ಮಿಂದ ಇಷ್ಟು ಜೋಪಾನವಾಗಿ ಯಾಕ ಮುಚ್ಚಿಡುತ್ತಿದ್ದರು?

*

ನಮಗೆ ತತ್ವವೇ ಇರಲಿಲ್ಲ ಅಂದರೆ ಅದೂ ಸುಳ್ಳು. ವಿಜ್ಞಾನೇಶ್ವರ ಬರೆದ ಆ ಕಲ್ಯಾಣದಲ್ಲೇ, ಅವನ ಮೊಮ್ಮಕ್ಕಳ ಕಾಲದಲ್ಲಿ, ಡೋಹರ ಕಕ್ಕಯ್ಯ ಕೂತು ಮಾತಾಡಿದ. ಬಸವಣ್ಣ ಮಾದಾರ ಚೆನ್ನಯ್ಯನನ್ನು ತನ್ನ ಹಿರಿಯನೆಂದ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳು ಸೊಸೆಯಾಗಿ ಬಂದ ಕಥೆ, ಅದಕ್ಕೆ ಕಲ್ಯಾಣ ತೆತ್ತ ರಕ್ತದ ಕಥೆ ಎಲ್ಲರಿಗೂ ಗೊತ್ತು. ನಾಗಾವಿ ಶಾಸನದಿಂದ ಇಲ್ಲಿಗೆ ನೂರು ವರ್ಷದ ಅಂತರ.

ಜೇವರ್ಗಿ ಸೀಮೆಯ ಕಡಕೋಳದಲ್ಲಿ ಮಡಿವಾಳಪ್ಪ ತತ್ವಪದ ಕಟ್ಟಿದ. ಅವನ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬನಿದ್ದ, ತೆಲಗಬಾಳದ ರೇವಪ್ಪನಿದ್ದ. ಹೆಸರು ನೋಡಿ: ತತ್ವಪದ. ನಮ್ಮ ಜನಕ್ಕೆ ತತ್ವ ಅನ್ನುವ ಶಬ್ದ ಹೊಸದಲ್ಲ. ನಮ್ಮ ಮುತ್ಯಾಗೆ ಅಕ್ಷರ ಬರುತ್ತಿರಲಿಲ್ಲ. ಖರೆ, ಅಮಾಸಿ ರಾತ್ರಿ ಏಕತಾರಿ ಹಿಡಿದು ಕೂತರೆ ದೇಹ ಏನು, ಜೀವ ಏನು, ಗುರು ಯಾರು, ಸತ್ತ ಮೇಲೆ ಏನುಳಿಯತದ ಅಂತ ಬೆಳತನಕ ಹಾಡುತ್ತಿದ್ದ. ಬಿ.ಎ. ಪುಸ್ತಕದಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ.

ಇಲ್ಲಿ ನಾವು ಒಂದು ಕಹಿ ಮಾತು ಆಡಬೇಕು. ಮುತ್ಯಾ ರಾತ್ರಿಯೆಲ್ಲ ಕುಲ ಸುಳ್ಳು ಅಂತ ಹಾಡಿ, ಬೆಳಗಾದ ಮೇಲೆ ಸಾವಿನ ಸುದ್ದಿ ಹೊತ್ತು ಹತ್ತು ಹರದಾರಿ ನಡೆಯುತ್ತಿದ್ದ. ಊರವರು ಕೊಟ್ಟ ಆಯದ ಜೋಳ ಸೆರಗೊಡ್ಡಿ ತರುತ್ತಿದ್ದ. ಹಾಡು ಕೇಳಿ ತಲೆದೂಗಿದ ಊರಿನ ಮಂದಿ ಬೆಳಗ್ಗೆ ಅವನನ್ನು ಅಂಗಳದ ಆಚೆ ನಿಲ್ಲಿಸಿ ಮಾತಾಡಿಸುತ್ತಿದ್ದರು. ರಾತ್ರಿಯ ತತ್ವಕ್ಕೂ ಹಗಲಿನ ಕಟ್ಟಳೆಗೂ ಮುಖಾಮುಖಿಯೇ ಆಗಲಿಲ್ಲ. ಹಾಡನ್ನು ಭಕ್ತಿ ಅಂತ ಕೇಳಿದರು, ವಾದ ಅಂತ ಕೇಳಲಿಲ್ಲ. ವಾದ ಅಂತ ಕೇಳಿದ್ದರೆ ಉತ್ತರ ಕೊಡಬೇಕಾಗುತ್ತಿತ್ತು.

ಇದೇ ಭೀಮೆಯ ದಂಡೆಗುಂಟ ಕೆಳಗೆ ಇಳಿದರೆ ಸನ್ನತಿ ಸಿಗುತ್ತದೆ. 1980ರ ದಶಕದಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದೊಳಗಿನ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ದೇವಿಯ ಮೂರ್ತಿಗೆ ಪೀಠವಾಗಿ ಬಳಸಿದ್ದ ಕಲ್ಲು ಹೊರಗೆ ಬಂತು. ನೋಡಿದರೆ ಅದು ಅಶೋಕನ ಶಾಸನ. ಅದರಲ್ಲಿ 12ನೆಯ ಬಂಡೆಗಲ್ಲು ಶಾಸನವೂ ಇದೆ. ಬೇರೆಯವರ ಧರ್ಮದ ಮಾತನ್ನೂ ಕಿವಿಗೊಟ್ಟು ಕೇಳಬೇಕು, ತನ್ನದನ್ನು ಹೊಗಳುವಾಗ ನಾಲಿಗೆ ಹಿಡಿತದಲ್ಲಿರಬೇಕು ಅನ್ನುವುದು ಅದರ ಸಾರ. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು, ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಸಿಕ್ಕಿತು. ಕೇಳು, ವಾದಿಸು ಅನ್ನುವ ಕಲ್ಲು ಕೈ ಮುಗಿಸಿಕೊಳ್ಳುವ ಮೂರ್ತಿಯ ಕೆಳಗೆ ಪೀಠವಾಗಿ ಬಿದ್ದಿತ್ತು. ಅದನ್ನು ಓದಬೇಕಾದರೆ ಬ್ರಾಹ್ಮಿ ಲಿಪಿ ಬರಬೇಕು, ಪ್ರಾಕೃತ ಬರಬೇಕು. ಅದರ ಮೇಲೆ ಬರೀ ಹಾಡು ಕಟ್ಟಿದರೆ ಸಾಲದು. ನಮ್ಮ ಮುತ್ಯಾಗೆ ಇಲ್ಲದ್ದು ಇದೇ. ತತ್ವ ಇತ್ತು. ತತ್ವವನ್ನು ಎದುರಾಳಿಯ ಮುಂದೆ ಇಟ್ಟು, ಅವನ ಗ್ರಂಥ ತೆರೆದು, ಅವನದೇ ಮಾತಿನಿಂದ ಅವನನ್ನು ಕಟ್ಟಿ ಹಾಕುವ ಶಾಸ್ತ್ರ ಇರಲಿಲ್ಲ.

*

ಆ ಶಾಸ್ತ್ರವನ್ನು ಕಲಿತು ಬಂದವರೊಬ್ಬರಿದ್ದರು.

1913ರಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ 22 ವರ್ಷದ ಭೀಮರಾವ್ ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಗೆ ಹೋದರು. ಮೂರು ವರ್ಷದಲ್ಲಿ ತೆಗೆದುಕೊಂಡ ಕೋರ್ಸುಗಳ ಲೆಕ್ಕ ಉಳಿದಿದೆ. ಅರ್ಥಶಾಸ್ತ್ರ 29, ಇತಿಹಾಸ 11, ಸಮಾಜಶಾಸ್ತ್ರ 6, ತತ್ವಶಾಸ್ತ್ರ 5, ಮಾನವಶಾಸ್ತ್ರ 4, ರಾಜ್ಯಶಾಸ್ತ್ರ 3, ಫ್ರೆಂಚ್ ಜರ್ಮನ್ ಒಂದೊಂದು. ಗೆಳೆಯರೇ, ಆ ಐದನ್ನು ಬೆರಳು ಮಡಿಚಿ ಎಣಿಸಿಕೊಳ್ಳಿ. ಈ ಲೇಖನ ಆ ಐದರ ಮೇಲೆ ನಿಂತಿದೆ.

ಅಲ್ಲಿ ತತ್ವಶಾಸ್ತ್ರ ಕಲಿಸಿದವರು ಜಾನ್ ಡ್ಯೂಯಿ. ಜೇಮ್ಸ್ ಟಫ್ಟ್ಸ್ ಜೊತೆ ಸೇರಿ 1908ರಲ್ಲಿ ‘ಎಥಿಕ್ಸ್’ ಬರೆದವರು, 1916ರಲ್ಲಿ ‘ಡೆಮಾಕ್ರಸಿ ಅಂಡ್ ಎಜುಕೇಶನ್’ ಬರೆದವರು. ಪ್ರಜಾಪ್ರಭುತ್ವ ಅಂದರೆ ಬರೀ ಓಟು, ಸರಕಾರ ಅಲ್ಲ. ಜನ ಒಬ್ಬರ ಅನುಭವದಲ್ಲಿ ಇನ್ನೊಬ್ಬರು ಪಾಲು ಪಡೆದು ಬದುಕುವ ರೀತಿ ಅದು ಅಂತ ಕಲಿಸಿದವರು.

1917ರಲ್ಲಿ ಅಂಬೇಡ್ಕರ್ ತಾಯ್ನಾಡಿಗೆ ತಿರುಗಿದರು. ಅವರ ಪುಸ್ತಕದ ಸಾಮಾನು ಹೊತ್ತ ಹಡಗು ಟಾರ್ಪೆಡೋ ಏಟಿಗೆ ಮುಳುಗಿತು. ಬಡೋದೆಯಲ್ಲಿ ನೌಕರಿಗೆ ನಿಂತರೆ ಇರಲು ಮನೆ ಸಿಗಲಿಲ್ಲ. ತಂಗಿದ್ದ ಪಾರ್ಸಿ ವಸತಿಯಿಂದ ಬಡಿಗೆ ಹಿಡಿದು ಹೊರಹಾಕಿದರು. ಪುಸ್ತಕ ಸಮುದ್ರದ ಪಾಲು, ನೌಕರಿ ಜಾತಿಯ ಪಾಲು. ಉಳಿದದ್ದು ತಲೆಯೊಳಗಿನದು. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಾಗ ನಮ್ಮವೂ ನೋಟ್ಸು, ಪುಸ್ತಕ ಹೋದವು. ಒದ್ದೆ ಹಾಳೆ ಬಿಸಿಲಿಗೆ ಹರವುತ್ತ ನಮಗೆ ನೆನಪಾದದ್ದು ಆ ಹಡಗು. ನೀರು ಏನು ಒಯ್ಯತದ, ಏನು ಬಿಡತದ ಅಂತ ಆವತ್ತು ತಿಳಿಯಿತು.

ಒಯ್ಯದೇ ಬಿಟ್ಟದ್ದರ ಲೆಕ್ಕ ನೋಡಿ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ ಮಂಡಲಕ್ಕಾಗಿ ಬರೆದ ಭಾಷಣ ‘ಜಾತಿ ವಿನಾಶ’. ಭಾಷಣ ಮಾಡಲು ಬಿಡಲಿಲ್ಲ, ತಾವೇ ಅಚ್ಚು ಹಾಕಿಸಿದರು. ಅದರಲ್ಲಿ ಡ್ಯೂಯಿಯನ್ನು ತಮ್ಮ ಗುರು ಎಂದು ಹೆಸರಿಟ್ಟು ನೆನೆದಿದ್ದಾರೆ. ಆ ಭಾಷಣದ ನಡುಗಂಬ ಒಂದು ವ್ಯತ್ಯಾಸ: ಕಟ್ಟಳೆ ಬೇರೆ, ತತ್ವ ಬೇರೆ. ಕಟ್ಟಳೆ ಹೀಗೇ ಮಾಡು ಅನ್ನುತ್ತದೆ; ಮಾಡಿದವನಿಗೆ ವಿಚಾರವಿಲ್ಲ, ಹೊಣೆಯೂ ಇಲ್ಲ. ತತ್ವ ಹೀಗೆ ತೂಗಿ ನೋಡು ಅನ್ನುತ್ತದೆ. ತೂಗಿದವನಿಗೆ ತನ್ನ ಕೆಲಸದ ಹೊಣೆ ಬರುತ್ತದೆ. ಡ್ಯೂಯಿ, ಟಫ್ಟ್ಸ್ ಪುಸ್ತಕದಲ್ಲಿ ಇದು ನೀತಿಶಾಸ್ತ್ರದ ಒಂದು ಪಾಠ. ಅಂಬೇಡ್ಕರ್ ಕೈಯಲ್ಲಿ ಅದು ಕೊಡಲಿಯಾಯಿತು. ನೀವು ಧರ್ಮ ಅನ್ನುವುದು ಕಟ್ಟಳೆಗಳ ಮೂಟೆ, ಅದರೊಳಗೆ ತತ್ವ ಎಲ್ಲಿದೆ ತೋರಿಸಿ ಎಂದು ಕೇಳಿದರು.

ಈ ಒಂದು ಪ್ರಶ್ನೆ ಕೈಗೆ ಬಂದರೆ ಊರು ಬೇರೆಯೇ ಕಾಣುತ್ತದೆ. ಹೋಟೆಲಿನಲ್ಲಿ ನಮಗೆ ಪ್ಲಾಸ್ಟಿಕ್ ಕಪ್ಪು, ಅವರಿಗೆ ಗಾಜಿನ ಗ್ಲಾಸು: ಕಟ್ಟಳೆ. ತತ್ವ ಏನು? ಹಲಗೆ ನಾವೇ ಬಡಿಯಬೇಕು: ಕಟ್ಟಳೆ. ತತ್ವ ಏನು? ನಮ್ಮ ಹೆಣ್ಣುಮಕ್ಕಳನ್ನೇ ದೇವರಿಗೆ ಬಿಡಬೇಕು: 1982ರ ಕಾನೂನು ಬರುವ ತನಕ ಅದೂ ಕಟ್ಟಳೆ. ತತ್ವ ಏನು? ‘ಮೊದಲಿಂದ ನಡಕೊಂಡು ಬಂದದ’ ಅನ್ನುವುದು ಉತ್ತರವಲ್ಲ, ಉತ್ತರ ಇಲ್ಲ ಅನ್ನುವುದರ ಒಪ್ಪಿಗೆ. ಸಿಟ್ಟು ನಮಗೆ ಮೊದಲಿಂದಲೂ ಇತ್ತು. ಆ ಸಿಟ್ಟಿಗೆ ಎಲ್ಲಿ ಹೊಡೆಯಬೇಕು ಅಂತ ತೋರಿಸಿದ್ದು ಈ ವ್ಯತ್ಯಾಸ.

ಲೆಕ್ಕ ಇನ್ನೂ ಇದೆ. ಕಾನೂನು ಮಂತ್ರಿಯಾಗಿ ಅವರು ಹಿಂದೂ ಕೋಡ್ ಬಿಲ್ ತಂದರು. ಮಿತಾಕ್ಷರದ ಹುಟ್ಟು ಹಕ್ಕನ್ನು ತೆಗೆದು ಹೆಣ್ಣುಮಗಳಿಗೂ ಪಾಲು ಕೊಡುವುದು ಅದರಲ್ಲಿತ್ತು. ಬಿಲ್ ಮುಂದೆ ಸಾಗದಾದಾಗ 1951ರ ಸೆಪ್ಟೆಂಬರದಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. 1956ರ ಉತ್ತರಾಧಿಕಾರ ಕಾನೂನು ಅರ್ಧ ದಾರಿ ಬಂತು, 2005ರ ತಿದ್ದುಪಡಿ ಮಗಳನ್ನು ಮಗನ ಸಮ ನಿಲ್ಲಿಸಿತು. ಮರತೂರಿನ ಪಂಡಿತನಿಗೆ ಉತ್ತರ ಕೊಡಲು ಶುರುಮಾಡಿದವರು ಐದು ಕೋರ್ಸು ತತ್ವಶಾಸ್ತ್ರ ಓದಿದ ಮಹಾರ ಜಾತಿಯ ಮನುಷ್ಯ! ಅವರು ಮುಗಿಸದೆ ಬಿಟ್ಟ ಹಸ್ತಪ್ರತಿಗಳಲ್ಲಿ ಒಂದರ ಹೆಸರೇ ‘ಹಿಂದೂ ಧರ್ಮದ ತತ್ವಜ್ಞಾನ’. ಧರ್ಮವನ್ನು ನ್ಯಾಯದ ಅಳತೆಗೋಲಿನಿಂದ, ಉಪಯುಕ್ತತೆಯ ಅಳತೆಗೋಲಿನಿಂದ ಅಳೆಯುವ ಪುಸ್ತಕ ಅದು. ಮಹಾರಾಷ್ಟ್ರ ಸರಕಾರ ಅದನ್ನು 1987ರಲ್ಲಿ ಅಚ್ಚು ಹಾಕಿತು. 1952ರ ಜೂನ್ 5ರಂದು ಕೊಲಂಬಿಯಾ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಡ್ಯೂಯಿ ಜೂನ್ 1ರಂದೇ ತೀರಿಕೊಂಡಿದ್ದರು. ಗುರು ಶಿಷ್ಯ ಮತ್ತೆ ಕೂಡಲಿಲ್ಲ. ಖರೆ, 23ನೆಯ ವಯಸ್ಸಿನಲ್ಲಿ ಕೇಳಿದ ಪಾಠ 45ರಲ್ಲಿ, 60ರಲ್ಲಿ, 65ರಲ್ಲಿ ಬೌದ್ಧ ಧಮ್ಮ ಹಿಡಿಯುವ ಹೊತ್ತಿನಲ್ಲಿ ಕೆಲಸ ಮಾಡುತ್ತಲೇ ಇತ್ತು. ಯಾವ ನೌಕರಿ ನಲವತ್ತು ವರ್ಷ ಹೀಗೆ ಪಗಾರ ಕೊಡುತ್ತದೆ?

*

ತತ್ವಶಾಸ್ತ್ರ ಓದಿದವರೆಲ್ಲ ಹೀಗಾಗುತ್ತಾರೆ ಅಂತ ನಾವು ಹೇಳುತ್ತಿಲ್ಲ. ನಮ್ಮ ನಾಡಿನದೇ ಉದಾಹರಣೆ ಇದೆ. ಎಸ್. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರದ ಪ್ರೊಫೆಸರರಾಗಿದ್ದರು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳು 1927ರಲ್ಲಿ ‘ಹಿಂದೂ ವ್ಯೂ ಆಫ್ ಲೈಫ್’ ಆಗಿ ಬಂದವು. ಜಾತಿಯನ್ನು ಬೇರೆ ಬೇರೆ ಜನರನ್ನು ಹೊಂದಿಸಿದ ಏರ್ಪಾಡು ಎಂಬಂತೆ ಅದರಲ್ಲಿ ವಿವರಿಸಿದರು. ಹಿಂದೂ ಸಮಾಜ ಸಾವಿರಾರು ವರ್ಷ ಉಳಿದು ಬಂದದ್ದನ್ನು ಅದರ ಬಲವೆಂದು ತೋರಿಸಿದರು. ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್ ಇದಕ್ಕೆ ಕೊಟ್ಟ ಉತ್ತರ ಇಷ್ಟು: ಉಳಿದದ್ದು ದೊಡ್ಡದಲ್ಲ, ಎಂಥ ಮಟ್ಟದಲ್ಲಿ ಉಳಿದಿರಿ ಅನ್ನುವುದನ್ನು ಕೇಳಿಕೊಳ್ಳಿ. ಇಬ್ಬರೂ ತತ್ವಶಾಸ್ತ್ರ ಬಲ್ಲವರೇ. ಒಬ್ಬರು ಗುಡಿಯ ಒಳಗಿನಿಂದ ನೋಡಿದರು, ಇನ್ನೊಬ್ಬರು ಕೇರಿಯಿಂದ. ನಾವು ಓದದೇ ಬಿಟ್ಟರೆ ಒಳಗಿನ ನೋಟವೊಂದೇ ತತ್ವಶಾಸ್ತ್ರ ಅಂತ ಉಳಿಯುತ್ತದೆ.

1950ರಲ್ಲಿ ಅಂಬೇಡ್ಕರ್ ತಮ್ಮ ಪೀಪಲ್ಸ್ ಎಜುಕೇಶನ್ ಸೊಸೈಟಿಯಿಂದ ಔರಂಗಾಬಾದಿನಲ್ಲಿ ಕಾಲೇಜು ತೆರೆದರು. ಇಂದಿನ ಛತ್ರಪತಿ ಸಂಭಾಜಿನಗರ ಅದು. ಆಗ ಅದೂ ನಮ್ಮ ಮಣ್ಣೂರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಎರಡು ದಾರಿಯಾದದ್ದು 1956ರಲ್ಲಿ. ಆ ಕಾಲೇಜಿಗೆ ಮಿಲಿಂದ ಎಂದು ಹೆಸರು. ಮಿಲಿಂದ ಗ್ರೀಕ್ ಮೂಲದ ದೊರೆ, ನಾಗಸೇನ ಭಿಕ್ಕು. ದೊರೆ ಕೇಳಿದ, ಭಿಕ್ಕು ಉತ್ತರಿಸಿದ. ರಥ ಅಂದರೆ ಯಾವುದು, ಗಾಲಿಯೋ, ಅಚ್ಚೋ, ನೊಗವೋ ಅಂತ ಕೇಳಿ ‘ನಾನು’ ಅನ್ನುವುದರ ಗಂಟನ್ನು ಬಿಚ್ಚಿ ತೋರಿಸಿದ ಆ ಸಂವಾದ ಬೌದ್ಧ ಲೋಕದಲ್ಲಿ ಪ್ರಸಿದ್ಧ.

ಆ ಸಂವಾದದ ಮೊದಲಲ್ಲಿ ಒಂದು ಕರಾರು ಬರುತ್ತದೆ. ಪಂಡಿತರಂತೆ ವಾದ ಮಾಡುವುದಾದರೆ ಬರುತ್ತೇನೆ, ದೊರೆಗಳಂತೆ ವಾದ ಮಾಡುವುದಾದರೆ ಬರುವುದಿಲ್ಲ ಅನ್ನುತ್ತಾನೆ ನಾಗಸೇನ. ಪಂಡಿತರು ಸೋತರೆ ಒಪ್ಪುತ್ತಾರೆ, ಸಿಟ್ಟಾಗುವುದಿಲ್ಲ. ದೊರೆಗಳು ಎದುರಾಡಿದವನಿಗೆ ಶಿಕ್ಷೆ ಕೊಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ನಡೆಯುವುದು ದೊರೆಗಳ ವಾದ. ಎದುರಾಡಿದರೆ ಕೂಲಿ ಬಂದ್, ಕಿರಾಣಿ ಬಂದ್, ಬಹಿಷ್ಕಾರ. ಪಂಡಿತರ ವಾದ ನಡೆಯಬೇಕಾದ ಜಾಗ ಯೂನಿವರ್ಸಿಟಿ. ಅಲ್ಲೂ ದೊರೆಗಳು ಕೂತಿದ್ದಾರೆ, ನಮಗೆ ಗೊತ್ತು. ಆದರೂ ಕರಾರು ಬರೆದಿಟ್ಟ ಜಾಗ ಅದು. ಕರಾರು ಮುರಿದಾಗ ಇದು ಕರಾರು ಅಂತ ತೋರಿಸಲು ನಮ್ಮವರು ಒಳಗಿರಬೇಕು.

ಕವಿಗಳಾದ ನಾವು ಒಂದು ತಪ್ಪು ಒಪ್ಪಿಕೊಳ್ಳಬೇಕು. ವೇದಿಕೆ ಹತ್ತಿ ನೋವು ಹೇಳಿದರೆ ಚಪ್ಪಾಳೆ ಬೀಳುತ್ತವೆ. ‘ನಿಮ್ಮ ಅನುಭವ ದೊಡ್ಡದು’ ಅನ್ನುತ್ತಾರೆ. ಆಮೇಲೆ ಅದರ ಅರ್ಥ ಹೇಳಲು ಇನ್ನೊಬ್ಬರು ಎದ್ದು ನಿಲ್ಲುತ್ತಾರೆ. ದಲಿತ ಚಿಂತಕ ಗೋಪಾಲ ಗುರು 2002ರಲ್ಲಿ ಇದನ್ನೇ ಎತ್ತಿ ಕೇಳಿದರು: ಸಿದ್ಧಾಂತ ಕಟ್ಟುವವರು ಒಂದು ಜಾತಿ, ಅದಕ್ಕೆ ಅನುಭವದ ಸರಕು ಒದಗಿಸುವವರು ಇನ್ನೊಂದು ಜಾತಿ, ಹೀಗೇಕೆ? ಈ ಪ್ರಶ್ನೆಯ ಮೇಲೆ ಅವರು ಮತ್ತು ತತ್ವಶಾಸ್ತ್ರಜ್ಞ ಸುಂದರ ಸರುಕ್ಕೈ ನಡೆಸಿದ ವಾದ 2012ರಲ್ಲಿ ‘ದಿ ಕ್ರ್ಯಾಕ್ಡ್ ಮಿರರ್’ ಎಂಬ ಪುಸ್ತಕವಾಯಿತು. ಹೊಲದಲ್ಲಿ ಬೆಳೆದವರು ನಾವು, ತೂಗುವ ತಕ್ಕಡಿ ಸಾಹುಕಾರನದು. ತೊಗರಿಯ ಕಥೆಯೂ ಇದೇ, ಕಾವ್ಯದ ಕಥೆಯೂ ಇದೇ. ತತ್ವಶಾಸ್ತ್ರ ಅಂದರೆ ತಕ್ಕಡಿ. ಅದು ನಮ್ಮ ಕೈಗೂ ಬರಬೇಕು.

*

ಇನ್ನು ಅಪ್ಪನ ಪ್ರಶ್ನೆ. ಅದಕ್ಕೆ ಉಡಾಫೆಯ ಉತ್ತರ ಕೊಡುವ ಹಕ್ಕು ನಮಗಿಲ್ಲ. ಇಟ್ಟಿಗೆ ಹೊರುವವನ ಮುಂದೆ ಜ್ಞಾನಕ್ಕಾಗಿ ಜ್ಞಾನ ಅನ್ನುವುದು ನಾಗಾವಿಯ ದತ್ತಿ ಉಂಡವರ ಮಾತು. ಅಂಬೇಡ್ಕರರೂ 29 ಅರ್ಥಶಾಸ್ತ್ರ ಓದಿ 5 ತತ್ವಶಾಸ್ತ್ರ ಓದಿದರು. ಅನ್ನದ ದಾರಿ ಬಿಡಲಿಲ್ಲ, ಬೇರಿನ ವಿಚಾರವನ್ನೂ ಬಿಡಲಿಲ್ಲ. ನಾವು ಕಟ್ಟೆಯ ಮೇಲೆ ಅದನ್ನೇ ಹೇಳಿದೆವು. ‘ಕಾಕಾ, ಬಿ.ಎ. ಆದ ಮ್ಯಾಲ ಬಿ.ಎಡ್. ಮಾಡಬಹುದು. ಸರಕಾರಿ ಪರೀಕ್ಷಾಕ್ಕ ಕೂಡಬಹುದು, ಯುಪಿಎಸ್‌ಸಿದಾಗ ತತ್ವಶಾಸ್ತ್ರ ಒಂದು ವಿಷಯ ಅದ. ಅರ್ಥಶಾಸ್ತ್ರನೂ ಜೋಡಿ ತಗೊಳ್ಳಲಿ. ನೌಕರಿ ಸಿಗತದ ಅಂತ ಬರೆದು ಕೊಡೋದು ನಮ್ಮ ಕೈಯಾಗಿಲ್ಲ. ಯಾವ ಡಿಗ್ರಿಗೂ ಯಾರೂ ಹಂಗ ಬರೆದು ಕೊಡಾಂಗಿಲ್ಲ.’

‘ಮತ್ತ ಇದೇ ಯಾಕ?’ ಅಂದ ಕಾಕಾ.

ನಾವು ಬಾಯಿ ತೆಗೆಯುವ ಮೊದಲು ಹುಡುಗಿ ಮಾತಾಡಿದಳು. ನಾವು ಅಷ್ಟು ಹೊತ್ತು ಹೇಳಿದ್ದನ್ನು ಬಾಗಿಲಿಗೆ ಒರಗಿ ಕೇಳಿದ್ದಳು. ‘ಅಣ್ಣಾ, ಊರಾಗಿನ ಮಂದಿದು ಆಯ್ತು. ನಮ್ಮ ಕೇರಿಗೂ ಬಾಜೂ ಕೇರಿಗೂ ಹೆಣ್ಣು ಕೊಡೋದು ತರೋದು ಇಲ್ಲಲ್ಲ, ಅದು ಕಟ್ಟಳಿಯೋ ತತ್ವನೋ?’

ಕಟ್ಟೆಯ ಮೇಲೆ ಗಪ್ಪಾಯಿತು. ಹೊಲಗೇರಿಯ ಹಿರಿಯರು ನೆಲ ನೋಡಿದರು. ಭಾಷಣದಲ್ಲಿ ಹೊಲೆಮಾದಿಗರು ಒಂದೇ ಅಂತ ಗಂಟಲು ಹರಿದುಕೊಂಡ ನಾವು ನಾಲ್ಕು ಮಂದಿಯೂ ನೆಲ ನೋಡಿದೆವು. ಉತ್ತರ ಯಾರಲ್ಲೂ ಇರಲಿಲ್ಲ. ‘ಮೊದಲಿಂದ ನಡಕೊಂಡು ಬಂದದ’ ಅನ್ನುವ ಮಾತು ಯಾರದೋ ಬಾಯಿಗೆ ಬಂದು, ಅಲ್ಲೇ ನಿಂತಿತು.

ಕೊನೆಗೆ ಕಾಕಾ ಎದ್ದು ರುಮಾಲು ಜಾಡಿಸಿ ಹೆಗಲಿಗೆ ಹಾಕಿಕೊಂಡ. ‘ಇನ್ನಾ ಓದಿಲ್ಲ, ಈಗೇ ಕೇಳ್ಲಾಕತ್ಯಾಳ. ಓದಿ ಬಂದಳಂದ್ರ ಮೊದಲು ನಮ್ಮನ್ನೇ ಕೇಳತಾಳ’ ಅಂದ.

‘ಹೌದು ಕಾಕಾ, ಮೊದಲು ನಮ್ಮನ್ನೇ’ ಅಂದೆವು.

ಅರ್ಜಿ ಹೋಗಿದೆ. ಹಾಸ್ಟೆಲಿನ ಕಾಗದಪತ್ರಕ್ಕೆ ಓಡಾಡುತ್ತಿದ್ದೇವೆ. ಮೊದಲ ವರ್ಷದ ಖರ್ಚಿಗೆ ನಾವು ನಾಲ್ಕು ಮಂದಿ ತಿಂಗಳಿಗಿಷ್ಟು ಅಂತ ಹಾಕುವುದೆಂದು ಮಾತಾಗಿದೆ. ಬಾಜೂ ಕೇರಿಯ ಇಬ್ಬರು ಗೆಳೆಯರು ತಾವೂ ಹಾಕುತ್ತೇವೆ ಅಂದಿದ್ದಾರೆ. ಆ ರಾತ್ರಿಯ ಪ್ರಶ್ನೆ ಅವರ ಕಟ್ಟೆಗೂ ಮುಟ್ಟಿದೆಯಂತೆ.